ಕ್ರೋಟನ್ ಎಲೆ ಉದುರಿಸಿದರೆ ಹೆದರಬೇಡಿ

ಕ್ರೋಟನ್ ಗಿಡ ಹೊಸದಾಗಿ ತಂದವರು ವಾರ ಕಳೆಯುವುದರೊಳಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ತಂದಾಗ ಚೆನ್ನಾಗೇ ಇತ್ತು, ಈಗ ಎಲೆಯೆಲ್ಲ ಉದುರ್ತಿದೆ. ಗಿಡ ಸತ್ತುಹೋಯ್ತಾ?" ಸಾಮಾನ್ಯವಾಗಿ ಸತ್ತಿರುವುದಿಲ್ಲ. ಕಾಂಡದ ತೊಗಟೆಯನ್ನು ಉಗುರಿನಿಂದ ಒಂಚೂರು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವ ಇದೆ ಎಂದೇ ಅರ್ಥ. ಗಾಬರಿಬಿದ್ದು ಬೆಳಿಗ್ಗೆ ಸಂಜೆ ನೀರು ಸುರಿಯುವುದು, ದಿನಕ್ಕೊಂದು ಕಡೆ ಎತ್ತಿಡುವುದು ಶುರುವಾದರೆ ಮಾತ್ರ ಬದುಕಬೇಕಾದ ಗಿಡವೂ ಸಾಯುತ್ತದೆ.

ಎಲೆ ಯಾಕೆ ಉದುರುತ್ತದೆ ಎನ್ನುವುದು ಗೊತ್ತಾದರೆ ಅರ್ಧ ಆರೈಕೆ ಕಲಿತ ಹಾಗೆ. ಕ್ರೋಟನ್ ನಮ್ಮ ಹರಳು ಗಿಡದ ಕುಟುಂಬದ್ದೇ. ಇದರ ಶಾಸ್ತ್ರೀಯ ಹೆಸರು ಕೋಡಿಯಮ್ ವೇರಿಗೇಟಮ್. ಹುಟ್ಟೂರು ಇಂಡೋನೇಷ್ಯಾ, ಮಲೇಷ್ಯಾ, ಪಶ್ಚಿಮ ಪೆಸಿಫಿಕ್ ದ್ವೀಪಗಳ ಕಡೆ. ವರ್ಷವಿಡೀ ಬೆಚ್ಚಗಿದ್ದು ಗಾಳಿಯಲ್ಲಿ ಸದಾ ತೇವವಿರುವ ಸೀಮೆ. ನಮ್ಮ ನರ್ಸರಿಗಳಿಗೆ ಬರುವ ಎಷ್ಟೋ ಅಲಂಕಾರದ ಗಿಡಗಳು ಆಂಧ್ರದ ರಾಜಮಹೇಂದ್ರವರಂ ಪಕ್ಕದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ಅದು ಗೋದಾವರಿಯ ತೇವದ ಬಯಲು. ಅಲ್ಲಿ ನೆರಳು ಬಲೆಯ ಕೆಳಗೆ ಬೆಳೆದ ಗಿಡ ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಒಣಗಾಳಿಗೆ ಬಂದು ನಿಂತಾಗ, ಹಳೆಯ ಎಲೆಗಳನ್ನೆಲ್ಲ ಸಾಕುವಷ್ಟು ನೀರನ್ನು ಬೇರಿನಿಂದ ಎಳೆದುಕೊಳ್ಳಲು ಆಗುವುದಿಲ್ಲ. ಆಗ ಕೆಳಗಿನ ಎಲೆಗಳನ್ನು ಬಿಟ್ಟುಕೊಟ್ಟು ತುದಿಯ ಚಿಗುರನ್ನು ಉಳಿಸಿಕೊಳ್ಳುತ್ತದೆ. ಗಿಡದ ಲೆಕ್ಕಾಚಾರ ಸರಿಯಾಗಿಯೇ ಇದೆ.

ಆದ್ದರಿಂದ ತಂದ ದಿನವೇ ಕುಂಡ ಬದಲಿಸಬೇಡಿ. ಕಪ್ಪು ಕವರ್‌ನಲ್ಲೇ ಎರಡು ಮೂರು ವಾರ ಬಿಡಿ. ಬೆಳಕು ಚೆನ್ನಾಗಿರುವ, ಆದರೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ ಒಂದು ಜಾಗ ಆರಿಸಿ ಅಲ್ಲೇ ಇಡಿ. ಮೇಲಿನ ಮಣ್ಣಿಗೆ ಬೆರಳು ಇಳಿಸಿ ನೋಡಿ, ಒಂದು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ ನೀರು ಹಾಕಿ. ತುದಿಯಲ್ಲಿ ಹೊಸ ಚಿಗುರು ಬಿಚ್ಚಿಕೊಂಡರೆ ಗಿಡ ನಿಮ್ಮ ಮನೆಗೆ ಒಗ್ಗಿಕೊಂಡಿತು. ಆಮೇಲೆ ಕುಂಡಕ್ಕೆ ಇಳಿಸಬಹುದು. ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರವೋ ಎರೆಹುಳು ಗೊಬ್ಬರವೋ ಬೆರೆಸಿ, ಮಣ್ಣು ಗಟ್ಟಿಯಾಗದಂತೆ ಒಂದಿಷ್ಟು ಮರಳು ಅಥವಾ ತೆಂಗಿನ ನಾರಿನ ಪುಡಿ ಸೇರಿಸಿದರೆ ಸಾಕು. ಕುಂಡದ ತಳದ ತೂತು ಮುಚ್ಚಿರಬಾರದು, ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು.

ಇನ್ನು ಬಣ್ಣದ ವಿಷಯ. ಕ್ರೋಟನ್ ಸಾಕುವುದೇ ಅದಕ್ಕಾಗಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಎಲೆಯ ಹಸಿರಿಗೆ ಕಾರಣ ಕ್ಲೋರೋಫಿಲ್, ಹಳದಿ ಮತ್ತು ಕಿತ್ತಳೆಗೆ ಕ್ಯಾರೋಟಿನಾಯ್ಡ್‌ಗಳು, ಕೆಂಪು ನೇರಳೆಗೆ ಆಂಥೋಸಯನಿನ್. ಬೆಳಕು ಕಡಿಮೆಯಾದರೆ ಸಿಕ್ಕಷ್ಟನ್ನೇ ಹಿಡಿದುಕೊಳ್ಳಲು ಗಿಡ ಹಸಿರನ್ನು ಹೆಚ್ಚಿಸುತ್ತದೆ, ಉಳಿದ ಬಣ್ಣ ಮಂಕಾಗುತ್ತದೆ. ಹಾಲ್‌ನ ಮೂಲೆಯಲ್ಲಿ ಟಿವಿ ಪಕ್ಕಕ್ಕೆ ಇಟ್ಟ ಕ್ರೋಟನ್ ಆರು ತಿಂಗಳಲ್ಲಿ ಉದ್ದುದ್ದ ಬೆಳೆದು ಬರೀ ಹಸಿರಾಗುವುದು ಇದರಿಂದಲೇ. ಗೊಬ್ಬರ ಹಾಕಿದರೆ ಬಣ್ಣ ಬರುವುದಿಲ್ಲ, ಬಿಸಿಲು ಬೇಕು. ಬೆಳಿಗ್ಗೆ ಹತ್ತು ಹನ್ನೊಂದರವರೆಗಿನ ಎಳೆಬಿಸಿಲು ಬೀಳುವ ಬಾಲ್ಕನಿ ಒಳ್ಳೆಯದು. ಆದರೆ ಒಳಗಿದ್ದ ಗಿಡವನ್ನು ಒಮ್ಮೆಲೇ ತಾರಸಿಯ ಬಿಸಿಲಿಗೆ ತಂದಿಟ್ಟರೆ ಎಲೆಯ ಮೇಲೆ ಬಿಳಿಚಿದ, ಸುಟ್ಟ ಮಚ್ಚೆಗಳು ಏಳುತ್ತವೆ. ದಿನಕ್ಕೆ ಒಂದಿಷ್ಟು ಹೊತ್ತು ಹೆಚ್ಚಿಸುತ್ತಾ ರೂಢಿ ಮಾಡಿ. ಇನ್ನೊಂದು ಮಾತು: ಅನೇಕ ತಳಿಗಳಲ್ಲಿ ಚಿಗುರು ಹಸಿರು ಹಳದಿಯಾಗಿಯೇ ಹುಟ್ಟಿ, ಬಲಿತ ಮೇಲೆ ಕೆಂಪೇರುತ್ತದೆ. ಮಾವಿನ ಚಿಗುರಿಗೆ ಇದು ತದ್ವಿರುದ್ಧ. ಹೊಸ ಎಲೆ ಹಸಿರಾಗಿದೆ ಎಂದು ಬೇಸರಪಡದೆ ಕಾಯಿರಿ.

ತಳಿಗಳಂತೂ ನೂರಾರು. ಅಗಲ ಎಲೆಯ ನರಗಳಲ್ಲಿ ಹಳದಿ, ಕಿತ್ತಳೆ, ಕೆಂಪು ಹರಿದ 'ಪೆಟ್ರಾ' ಎಲ್ಲ ಕಡೆ ಸಿಗುತ್ತದೆ, ಹೊಸಬರಿಗೆ ನಾನು ಹೇಳುವುದೂ ಅದನ್ನೇ. ಹಸಿರಿನ ಮೇಲೆ ಹಳದಿ ಚುಕ್ಕೆ ಸಿಡಿದ 'ಗೋಲ್ಡ್ ಡಸ್ಟ್' ಉಳಿದವಕ್ಕಿಂತ ನೆರಳನ್ನು ಹೆಚ್ಚು ತಾಳುತ್ತದೆ. ತಿರುಚಿದ ಎಲೆಯವು, ಕಡ್ಡಿಯಂತೆ ಕಿರಿದಾದವು ಇವೆ. ನನಗೆ ಅತಿ ಬೆರಗಿನದು ಎಲೆಯ ನಡುವೆ ಬರೀ ನರವಷ್ಟೇ ಉಳಿದು, ಅದರ ತುದಿಯಲ್ಲಿ ಇನ್ನೊಂದು ಪುಟ್ಟ ಎಲೆ ತೂಗುವ ಬಗೆ. ಕೆಲವೊಮ್ಮೆ ಬಣ್ಣದ ಗಿಡದಲ್ಲಿ ಒಂದು ರೆಂಬೆ ಪೂರ್ತಿ ಹಸಿರಾಗಿ ಬರುತ್ತದೆ. ಅದನ್ನು ಬುಡಕ್ಕೇ ಕತ್ತರಿಸಿ. ಹಸಿರು ಹೆಚ್ಚಿರುವುದರಿಂದ ಅದು ಬೇಗ ಬೆಳೆದು ಉಳಿದವನ್ನು ಹಿಂದಿಕ್ಕುತ್ತದೆ.

ಕರಾವಳಿಯವರಿಗೆ ಹೆಚ್ಚು ಹೇಳಬೇಕಾದ್ದೇನಿಲ್ಲ, ಅಲ್ಲಿ ಕ್ರೋಟನ್ ಬೇಲಿಯಾಗಿ ತಾನಾಗಿ ಬೆಳೆಯುತ್ತದೆ. ಬೀದರ್ ಕಡೆಯ ಚಳಿಗಾಲದ ರಾತ್ರಿಗಳಲ್ಲಿ ಮಾತ್ರ ಕುಂಡವನ್ನು ಗೋಡೆಯ ಮರೆಗೆ ಸರಿಸಿ, ನೀರು ಕಡಿಮೆ ಮಾಡಿ. 10 ಡಿಗ್ರಿಯ ಹತ್ತಿರಕ್ಕೆ ಇಳಿದರೆ ಈ ಗಿಡ ಮತ್ತೆ ಎಲೆ ಉದುರಿಸುತ್ತದೆ.

ಬೇಸಿಗೆಯಲ್ಲಿ ಎಲೆಯ ಹಿಂಬದಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಸಣ್ಣ ಬಲೆ, ಮಂಕು ಚುಕ್ಕೆ ಕಂಡರೆ ನುಸಿ. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಹತ್ತಿಯಂಥದು ಅಂಟಿದ್ದರೆ ಹಿಟ್ಟು ತಿಗಣೆ. ಮೊದಲು ನೀರು ಚಿಮ್ಮಿಸಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಹಾಕಿ, ಎಣ್ಣೆ ನೀರಿನೊಂದಿಗೆ ಬೆರೆಯಲು ಒಂದೆರಡು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ.

ಕತ್ತರಿಸುವಾಗ ಎಚ್ಚರ. ಇದರ ಹಾಲು ಚರ್ಮಕ್ಕೆ ತುರಿಕೆ ತರಬಹುದು, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಮಕ್ಕಳು, ನಾಯಿ ಎಲೆ ಅಗಿಯದಂತೆ ನೋಡಿಕೊಳ್ಳಿ. ಬೀಜದಿಂದ ತಾಯಿಗಿಡದ ಬಣ್ಣವೇ ಬರುತ್ತದೆಂಬ ಭರವಸೆಯಿಲ್ಲ, ಆದ್ದರಿಂದ ಗಿಡ ಹೆಚ್ಚಿಸಲು ರೆಂಬೆಯೇ ಗತಿ. ಗೇಣುದ್ದದ ತುದಿ ಕತ್ತರಿಸಿ, ಹಾಲನ್ನು ತೊಳೆದು, ಮೇಲಿನ ಮೂರು ನಾಲ್ಕು ಎಲೆ ಉಳಿಸಿ, ಒದ್ದೆ ಮರಳಿನಲ್ಲಿ ನೆಟ್ಟು ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಿನಲ್ಲಿಡಿ. ಮಳೆಗಾಲದ ಆರಂಭ ಇದಕ್ಕೆ ಹೇಳಿಮಾಡಿಸಿದ ಕಾಲ. ಬೇರು ಬಂತೇ ಎಂದು ಕಿತ್ತು ನೋಡಬೇಡಿ. ತಿಂಗಳು ಕಳೆದ ಮೇಲೆ ಮೆಲ್ಲಗೆ ಎಳೆದಾಗ ಕಡ್ಡಿ ಹಿಡಿದುಕೊಂಡರೆ ಕವರ್ ತೆಗೆಯಬಹುದು.