ಸೌರಕೋಶದ ಸಂದುಗಳು

ಚಿತ್ರದುರ್ಗದ ಕೋಟೆಯನ್ನು ಕಂಡವರಿಗೆ, ಗೋಡೆಯ ಬಲವು ಕಲ್ಲಿನಲ್ಲಿ ಮಾತ್ರವಲ್ಲದೆ ಕಲ್ಲಿಗೆ ಕಲ್ಲು ಕೂಡುವ ಸಂದಿನಲ್ಲಿಯೂ ಇರುವುದೆಂದು ಬೇರೆ ಹೇಳಬೇಕಾಗಿಲ್ಲ. ಬಿಸಿಲನ್ನು ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸುವ ಪೆರೊವ್‌ಸ್ಕೈಟ್ ಎಂಬ ಹೊಸ ಬಗೆಯ ಕೋಶದ ಸಂಗತಿಯೂ ಹಾಗೆಯೇ.

ಮೊದಲು ಇದು ಒಂದು ಖನಿಜದ ಹೆಸರು. ಉರಲ್ ಪರ್ವತಗಳಲ್ಲಿ ದೊರೆತ ಆ ಖನಿಜವನ್ನು 1839ರಲ್ಲಿ ಗುಸ್ತಾವ್ ರೋಸ್ ಎಂಬ ಜರ್ಮನ್ ವಿದ್ವಾಂಸನು ವರ್ಣಿಸಿ, ರಷ್ಯದ ಪೆರೊವ್‌ಸ್ಕಿಯ ಹೆಸರನ್ನಿಟ್ಟನು. ಅದೇ ಹರಳಿನ ಕಟ್ಟುಳ್ಳ, ಆದರೆ ಸೀಸ, ಅಯೊಡಿನ್ ಮುಂತಾದವುಗಳಿಂದ ಕೂಡಿದ ಬೇರೊಂದು ಪದಾರ್ಥವನ್ನು ಜಪಾನಿನ ಮಿಯಾಸಕಾ ಮತ್ತು ಅವರ ಸಂಗಡಿಗರು ಸೌರಕೋಶದಲ್ಲಿ ಬಳಸಿ 2009ರಲ್ಲಿ ಪ್ರಕಟಿಸಿದರು. ಆಗ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ 3.8 ಪಾಲು ಮಾತ್ರ ವಿದ್ಯುತ್ತಾಯಿತು. ಈಗ ಪ್ರಯೋಗಶಾಲೆಯ ಸಣ್ಣ ಕೋಶಗಳಲ್ಲಿ ಅದು 26ನ್ನು ದಾಟಿದೆ.

ಈ ಏಳಿಗೆ ಹೇಗಾಯಿತು? ಬೆಳಕು ಬಿದ್ದೊಡನೆ ಎಲೆಕ್ಟ್ರಾನ್ ಎಂಬ ಋಣಕಣವು ಸ್ಥಾನವನ್ನು ಬಿಟ್ಟೇಳುತ್ತದೆ. ಅದು ಬಿಟ್ಟ ತೆರವು ಧನಕಣದಂತೆ ಸಂಚರಿಸುತ್ತದೆ. ಕೂದಲೆಳೆಗಿಂತ ಎಷ್ಟೋ ತೆಳುವಾದ ಪೆರೊವ್‌ಸ್ಕೈಟ್ ಪದರದ ಒಂದು ಪಕ್ಕದಲ್ಲಿ ತವರದ ಆಕ್ಸೈಡು ಮೊದಲಾದ ಪದರವು ಎಲೆಕ್ಟ್ರಾನನ್ನೂ, ಮತ್ತೊಂದು ಪಕ್ಕದಲ್ಲಿ ಬೇರೊಂದು ಪದರವು ತೆರವನ್ನೂ ಬರಮಾಡಿಕೊಳ್ಳಬೇಕು. ಆದರೆ ಹರಳು ಮುಗಿಯುವ ಅಂಚಿನಲ್ಲಿ ಕೆಲವು ಸೀಸದ ಪರಮಾಣುಗಳಿಗೆ ಜೊತೆ ಸಿಕ್ಕಿರುವುದಿಲ್ಲ. ಎಲೆಕ್ಟ್ರಾನು ಅಲ್ಲಿ ಸಿಕ್ಕಿಬಿದ್ದು, ತೆರವಿನೊಡನೆ ಮರಳಿ ಕೂಡಿ, ತನ್ನ ಶಕ್ತಿಯನ್ನು ಬರಿಯ ಶಾಖವಾಗಿ ಕಳೆದುಕೊಳ್ಳುತ್ತದೆ. ಹಿರಿಯೂರಿನ ರೈತನನ್ನು ಕೇಳಿರಿ: ವಾಣಿವಿಲಾಸ ಸಾಗರ ತುಂಬಿದ್ದರೂ ಕಾಲುವೆಯು ದಾರಿಯಲ್ಲೇ ಸೋರಿದರೆ ಹೊಲಕ್ಕೆ ನೀರು ಹೇಗೆ ಬಂದೀತು?

ಆದುದರಿಂದ ವಿಜ್ಞಾನಿಗಳು ಆ ಅಂಚಿಗೆ ತೆಳುವಾದ ಲೇಪವನ್ನು ಕೊಡುತ್ತಾರೆ. 2019ರಲ್ಲಿ ಚೀನಾದ ಸಂಶೋಧಕರು ಫಿನೆಥೈಲ್ ಅಮೋನಿಯಂ ಅಯೊಡೈಡ್ ಎಂಬ ಲವಣವನ್ನು ಲೇಪಿಸಿ, ನೂರಕ್ಕೆ 23.3ರಷ್ಟು ಫಲವನ್ನು ಪಡೆದರು. ಲೇಪವು ದಪ್ಪವಾದರೆ ವಿದ್ಯುತ್ತಿಗೇ ಅಡ್ಡಿ; ಒಲೆಯ ಮುಂದೆ ಹದವನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕೇ!

ಆದರೆ ನೂರಕ್ಕೆ ಇಷ್ಟೆಂಬ ಲೆಕ್ಕಕ್ಕಿಂತ ವರ್ಷಗಳ ಲೆಕ್ಕವೇ ನಮಗೆ ಮುಖ್ಯವೆಂದು ನನಗೆ ತೋರುತ್ತದೆ. ಸಿಲಿಕಾನ್ ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಭರವಸೆಯನ್ನು ಕೊಡುತ್ತಾರೆ. ಪೆರೊವ್‌ಸ್ಕೈಟ್ ಇನ್ನೂ ಬಯಲಿನಲ್ಲಿ ಅಷ್ಟು ಕಾಲ ಬಾಳಿ ತೋರಿಸಿಲ್ಲ. ತೇವವೂ ಶಾಖವೂ ಅದರ ವೈರಿಗಳು. ನಮ್ಮ ಜಿಲ್ಲೆಯಲ್ಲಿ ಮಳೆ ಕಡಿಮೆಯೆಂದು ಸಮಾಧಾನಪಡುವಂತಿಲ್ಲ. ಬೇಸಗೆಯ ಬಿಸಿಲಿಗೆ ಫಲಕವು ಸುತ್ತಣ ಗಾಳಿಗಿಂತ ಬಹಳ ಹೆಚ್ಚಾಗಿ ಕಾಯುತ್ತದೆ. ಕಾದಾಗ ಅಯೊಡಿನ್ನಿನ ಕಣಗಳು ಅಲೆದು ಆ ಸಂದುಗಳನ್ನೇ ಕೆಡಿಸುತ್ತವೆ.

ಇನ್ನು ಸೀಸದ ಮಾತು. ಗಾಜು ಒಡೆದರೆ ಅದು ಮಳೆಯ ನೀರಿನೊಡನೆ ನೆಲಕ್ಕಿಳಿಯಬಹುದು. ಹೊಳಲ್ಕೆರೆ, ಹೊಸದುರ್ಗಗಳ ತೋಟದ ಬಾವಿಗಳ ಬಳಿ ಇದು ಸಣ್ಣ ಸಂಗತಿಯಲ್ಲ. ಆದಕಾರಣ ಎರಡು ಗಾಜುಗಳ ಅಂಚನ್ನು ಬಿಗಿಯುವ ಅಂಟನ್ನೂ ಸೀಸವನ್ನು ಹೀರಿ ಹಿಡಿಯುವ ಲೇಪಗಳನ್ನೂ ಸಂಶೋಧಕರು ಪರೀಕ್ಷಿಸುತ್ತಿರುವರು.