ಏಸಿ ಬದಲಾಯಿಸುವ ಮುನ್ನ: ಖರ್ಚಿನ ಲೆಕ್ಕ ಕಲಿಯೋಣ



ಯುಗಾದಿಯೂ ಬರುವ ಮೊದಲೇ ಏಸಿಯ ಮಾತೇಕೆ ಎಂದು ನೀವು ಕೇಳಬಹುದು. ಟೆಕ್ಸಾಸ್‌ನಲ್ಲಿ ಏಸಿಯ ಬಗ್ಗೆ ಯೋಚಿಸಬೇಕಾದ ಕಾಲ ಇದೇ. ಬೆಂಕಿ ಬಿದ್ದಾಗ ಬಾವಿ ತೋಡಲು ಹೋದವನ ಪಾಡು ಏನಾಗುತ್ತದೆ ಎಂಬುದನ್ನು 2024ರ ಜುಲೈನಲ್ಲಿ ನಾನೇ ಅನುಭವಿಸಿದೆ. ಆ ಅನುಭವದಿಂದ ಕಲಿತ ಪಾಠಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿ ನಮ್ಮದು 2004ರಲ್ಲಿ ಕಟ್ಟಿದ ಒಂದಂತಸ್ತಿನ ಮನೆ. ಏಸಿಯೂ ಅಷ್ಟೇ ಹಳೆಯದು. ಅಪ್ಪ-ಅಮ್ಮ ದಾವಣಗೆರೆಯಿಂದ ಬಂದು ಮೂರು ವಾರವಾಗಿತ್ತು. ಹೊರಗೆ 104 ಡಿಗ್ರಿ ಇದ್ದ ಒಂದು ಸಂಜೆ ಏಸಿ ನಿಂತುಹೋಯಿತು. ರಾತ್ರಿ ಎಂಟರ ಹೊತ್ತಿಗೆ ಮನೆಯೊಳಗೆ 91 ಡಿಗ್ರಿ. ಅಪ್ಪನಿಗೆ ರಕ್ತದೊತ್ತಡ, ದಿನವೂ ಮಾತ್ರೆ ನುಂಗುವವರು. ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಅಲ್ಲಪ್ಪಾ, ಇಷ್ಟು ದೊಡ್ಡ ಮನೆ ಕಟ್ಟಿ ಗಾಳಿ ಆಡೋಕೆ ಒಂದು ದಾರಿ ಬಿಟ್ಟಿಲ್ವಲ್ಲ! ನಮ್ಮ ದಾವಣಗೆರೆ ಬಿಸಿಲೇ ವಾಸಿ" ಎಂದರು.

ತುರ್ತು ಸೇವೆ ಎಂದು ಜಾಹೀರಾತು ಕೊಟ್ಟಿದ್ದ ಒಂದು ಕಂಪನಿಗೆ ಫೋನ್ ಮಾಡಿದೆ. ಬಂದವರು ಹತ್ತು ನಿಮಿಷ ನೋಡಿ, "ಕಂಪ್ರೆಸರ್ ಸತ್ತಿದೆ, ಪೂರ್ತಿ ಬದಲಾಯಿಸಬೇಕು. 17,800 ಡಾಲರ್. ಈ ರಾತ್ರಿಯೇ ಸಹಿ ಹಾಕಿದರೆ 1,500 ಕಡಿಮೆ, ನಾಳೆಯೇ ಕೆಲಸ" ಎಂದರು. ಪೆನ್ನು ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ನಮ್ಮ ಸಂಘದ ಹಿರಿಯರೊಬ್ಬರಿಗೆ ಒಂದು ಮಾತು ಕೇಳೋಣ ಎನ್ನಿಸಿತು. ಅವರು ಹೇಳಿದ್ದು ಇಷ್ಟೇ: "ಈಗ ಸಹಿ ಹಾಕಬೇಡಿ. ಮೊದಲು ಅಪ್ಪ-ಅಮ್ಮನ್ನ ನಮ್ಮನೆಗೆ ಕರ್ಕೊಂಡು ಬನ್ನಿ, ಊಟ ರೆಡಿ ಇದೆ. ಬೆಳಿಗ್ಗೆ ಇನ್ನೊಬ್ಬರಿಗೆ ತೋರಿಸೋಣ."

ಮರುದಿನ ಬಂದವರು ಹೊರಗಿನ ಯಂತ್ರವನ್ನು ಬಿಚ್ಚಿ, ಉಬ್ಬಿಹೋಗಿದ್ದ ಒಂದು ಕೆಪಾಸಿಟರ್ ತೆಗೆದು ತೋರಿಸಿದರು. ಬದಲಾಯಿಸಿದ್ದಕ್ಕೆ 260 ಡಾಲರ್. ಏಸಿ ಓಡಿತು! ಆದರೆ ಹೊರಡುವಾಗ ಅವರೇ ಇನ್ನೊಂದು ಮಾತು ಹೇಳಿದರು: "ಒಳಗಿನ ಕಾಯಿಲ್ ಸ್ವಲ್ಪ ಸೋರುತ್ತಿದೆ. ಯಂತ್ರಕ್ಕೆ ಇಪ್ಪತ್ತು ವರ್ಷ. ಮುಂದಿನ ಬೇಸಿಗೆಗೆ ಮೊದಲು ಬದಲಾಯಿಸಿ, ಆದರೆ ನಿಧಾನವಾಗಿ ವಿಚಾರಿಸಿ." ಹಾಗೆಯೇ ಮಾಡಿದೆವು. 2025ರ ಫೆಬ್ರವರಿಯಲ್ಲಿ 11,400 ಡಾಲರಿಗೆ ಕೆಲಸ ಮುಗಿಯಿತು. ನಡುವಿನ ಆರೇಳು ತಿಂಗಳಲ್ಲಿ ಕಲಿತದ್ದು ಇದು.

ಪಾಠ 1: ಮೊದಲು ಸಮಯ ಕೊಂಡುಕೊಳ್ಳಿ

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಸೆಖೆಯಲ್ಲಿ ಕುಳಿತವನಿಗೆ ಯಾವ ಬೆಲೆಯೂ ಸರಿಯೆಂದೇ ಕಾಣುತ್ತದೆ. ಮಲಗುವ ಕೋಣೆಯೊಂದನ್ನು ತಂಪಾಗಿಡುವ ಸಣ್ಣ ಕಿಟಕಿ ಏಸಿ ಅಥವಾ ಗಾಲಿಯ ಮೇಲೆ ಓಡಾಡುವ ಪೋರ್ಟಬಲ್ ಏಸಿ ಕೆಲವು ನೂರು ಡಾಲರಿಗೆ ಸಿಗುತ್ತದೆ. ಅದರಿಂದ ಎರಡು ವಾರ ಯೋಚಿಸಲು ಅವಕಾಶವಾಗುತ್ತದೆ. ಕಿಟಕಿ ಏಸಿಗೆ ನಿಮ್ಮ ಬಡಾವಣೆಯ ಎಚ್‌ಓಎ ಒಪ್ಪುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ. ಮನೆಯಲ್ಲಿ ವಯಸ್ಸಾದವರು, ಹಸುಗೂಸು ಇದ್ದರೆ ಅವರನ್ನು ಮೊದಲು ತಂಪಿರುವ ಜಾಗಕ್ಕೆ ಕಳಿಸಿ, ಆಮೇಲೆ ಬೆಲೆಯ ಮಾತಾಡಿ.

ಆತುರದಲ್ಲಿ ಸಹಿ ಹಾಕಿಬಿಟ್ಟಿದ್ದರೆ? ಮನೆಗೇ ಬಂದು ಮಾರಿದ 25 ಡಾಲರ್ ಮೀರಿದ ಬಹುತೇಕ ಒಪ್ಪಂದಗಳನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಲು ಅಮೆರಿಕದ ಕೇಂದ್ರ ನಿಯಮ ಅವಕಾಶ ಕೊಡುತ್ತದೆ. ಆದರೆ ತುರ್ತು ಕೆಲಸಕ್ಕೆ ನೀವೇ ಕರೆಸಿ, ಆ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದುಕೊಟ್ಟಿದ್ದರೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಕಾಗದ ಓದದೆ ಸಹಿ ಬೇಡ.

ಪಾಠ 2: ರಿಪೇರಿಯೋ, ಬದಲಾವಣೆಯೋ?

ಯಂತ್ರದ ವಯಸ್ಸನ್ನು ರಿಪೇರಿ ಖರ್ಚಿನಿಂದ ಗುಣಿಸಿ. 5,000 ಮೀರಿದರೆ ಬದಲಾಯಿಸಿ ಎಂಬ ಲೆಕ್ಕವನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮದಕ್ಕೆ ಹಾಕಿ ನೋಡಿ: 20 ವರ್ಷ, 260 ಡಾಲರ್, ಗುಣಿಸಿದರೆ 5,200. ಅಂದರೆ ಒಂದು ಕೆಪಾಸಿಟರಿಗಾಗಿ ಇಡೀ ಯಂತ್ರ ಎಸೆಯಬೇಕಿತ್ತು! ಆದ್ದರಿಂದ ಇದು ಅಂದಾಜೇ ಹೊರತು ಶಾಸನವಲ್ಲ. ಕೇಳಬೇಕಾದ ಪ್ರಶ್ನೆ, ಯಾವ ಭಾಗ ಕೆಟ್ಟಿದೆ ಎಂಬುದು. ಕೆಪಾಸಿಟರ್, ಕಾಂಟ್ಯಾಕ್ಟರ್, ಫ್ಯಾನಿನ ಮೋಟಾರು ಇವೆಲ್ಲ ರಿಪೇರಿ ಮಾಡುವಂಥವು. ಕಂಪ್ರೆಸರ್ ಸುಟ್ಟರೆ, ಅಥವಾ ಹಳೆಯ ಕಾಯಿಲ್ ಸೋರತೊಡಗಿದರೆ ಬದಲಾವಣೆಯ ಯೋಚನೆ ಮಾಡಬೇಕು. ಕೆಟ್ಟ ಭಾಗವನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ವಾರಂಟಿ ಇದೆಯೇ ಎಂದೂ ನೋಡಿ. ಹಲವು ಕಂಪನಿಗಳು ಬಿಡಿಭಾಗಗಳಿಗೆ ಹತ್ತು ವರ್ಷ ಕೊಡುತ್ತವೆ. ಆದರೆ ಯಂತ್ರ ಹಾಕಿಸಿದ ಕೆಲವೇ ವಾರಗಳಲ್ಲಿ ನೋಂದಾಯಿಸದಿದ್ದರೆ ಅದು ಐದಕ್ಕೆ ಇಳಿಯುವುದುಂಟು. ಕೂಲಿ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ.

ಪಾಠ 3: ಗ್ಯಾಸಿನ ಕಥೆ

ನಮ್ಮ ಹಳೆಯ ಯಂತ್ರದಲ್ಲಿದ್ದದ್ದು ಆರ್-22. ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ನಿಲ್ಲಿಸಿದ ಗ್ಯಾಸು ಅದು. ಅಮೆರಿಕದಲ್ಲಿ 2020ರ ಜನವರಿ 1ರಿಂದ ಅದರ ತಯಾರಿಕೆ, ಆಮದು ಎರಡೂ ನಿಂತವು. ಉಳಿದಿರುವುದು ಹಳೆಯ ದಾಸ್ತಾನು ಮತ್ತು ಹಳೆ ಯಂತ್ರಗಳಿಂದ ತೆಗೆದು ಶುದ್ಧ ಮಾಡಿದ್ದು ಮಾತ್ರ. ಅದಕ್ಕೇ ಅಷ್ಟು ದುಬಾರಿ. ಸೋರುವ ಯಂತ್ರಕ್ಕೆ ಪ್ರತಿವರ್ಷ ಅದನ್ನು ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ನಂತರ ಬಂದ ಆರ್-410ಎ ಓಝೋನಿಗೆ ಹಾನಿ ಮಾಡದಿದ್ದರೂ ಭೂಮಿಯ ತಾಪ ಹೆಚ್ಚಿಸುತ್ತದೆ. ಹಾಗಾಗಿ 2025ರ ಜನವರಿ 1ರಿಂದ ಅದನ್ನು ಬಳಸುವ ಹೊಸ ಮನೆ ಏಸಿಗಳ ತಯಾರಿಕೆಯನ್ನು ನಿಲ್ಲಿಸಲಾಯಿತು. ಈಗಿನ ಹೊಸ ಯಂತ್ರಗಳಲ್ಲಿ ಆರ್-454ಬಿ ಅಥವಾ ಆರ್-32 ಇರುತ್ತದೆ. ಇವು ಅಲ್ಪ ಪ್ರಮಾಣದಲ್ಲಿ ಉರಿಯುವ ಗುಣವುಳ್ಳವು; ಆದ್ದರಿಂದ ಹೊಸ ಗ್ಯಾಸಿನ ಬಗ್ಗೆ ತಿಳಿದವರೇ ಜೋಡಿಸಬೇಕು.

ಇಲ್ಲೊಂದು ಎಚ್ಚರಿಕೆ. "ನಿಮ್ಮ ಗ್ಯಾಸು ಕಾನೂನುಬಾಹಿರವಾಗಿದೆ, ಈಗಲೇ ಯಂತ್ರ ಬದಲಾಯಿಸಬೇಕು" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಮನೆಯಲ್ಲಿರುವ ಆರ್-22 ಅಥವಾ ಆರ್-410ಎ ಯಂತ್ರವನ್ನು ಬಳಸುವುದಕ್ಕೂ ರಿಪೇರಿ ಮಾಡಿಸುವುದಕ್ಕೂ ಅಡ್ಡಿಯಿಲ್ಲ. ಹಾಗೆಯೇ, ಹೊಸ ಗ್ಯಾಸನ್ನು ಹಳೆಯ ಯಂತ್ರಕ್ಕೆ ತುಂಬಿಸಿಕೊಡುತ್ತೇನೆ ಎನ್ನುವವರನ್ನೂ ನಂಬಬೇಡಿ. ಅದು ಆಗದ ಮಾತು, ಅಪಾಯ ಕೂಡ.

ಪಾಠ 4: ಟನ್ ಎಂದರೇನು, ಎಷ್ಟು ಬೇಕು?

ಟನ್ ಎನ್ನುವುದು ಯಂತ್ರದ ತೂಕವಲ್ಲ. 2,000 ಪೌಂಡ್ ಮಂಜುಗಡ್ಡೆಯನ್ನು 24 ಗಂಟೆಯಲ್ಲಿ ಕರಗಿಸಲು ಎಷ್ಟು ಶಾಖ ಬೇಕೋ ಅಷ್ಟು ಶಾಖವನ್ನು ಅದೇ ಸಮಯದಲ್ಲಿ ಹೊರಹಾಕುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ಲೆಕ್ಕದಲ್ಲಿ ಗಂಟೆಗೆ 12,000 ಬಿಟಿಯು. ಏಸಿ ಬರುವ ಮೊದಲು ಮಂಜುಗಡ್ಡೆಯಿಂದಲೇ ತಂಪು ಮಾಡುತ್ತಿದ್ದ ಕಾಲದ ಅಳತೆ ಇದು.

ನಮ್ಮ ಹಳೆಯದು 4 ಟನ್. ಆ ರಾತ್ರಿ ಬಂದವರು 5 ಟನ್ ಬರೆದಿದ್ದರು. ಮದುವೆ ಅಡಿಗೆಯ ಹಾಗೆ ಹೆಚ್ಚಿದ್ದರೆ ಒಳ್ಳೆಯದು ಎಂದು ನಮಗೂ ಅನ್ನಿಸುತ್ತದೆ. ಏಸಿಯಲ್ಲಿ ಹಾಗಲ್ಲ. ಅಗತ್ಯಕ್ಕಿಂತ ದೊಡ್ಡ ಯಂತ್ರ ಐದಾರು ನಿಮಿಷದಲ್ಲಿ ತಂಪು ಮಾಡಿ ನಿಂತುಬಿಡುತ್ತದೆ. ಗಾಳಿಯ ತೇವ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಮನೆ ತಣ್ಣಗಿದ್ದರೂ ಜಿಗಿಜಿಗಿ. ಪದೇಪದೇ ಆನ್-ಆಫ್ ಆಗಿ ಯಂತ್ರವೂ ಬೇಗ ಸವೆಯುತ್ತದೆ. ಇರುವ ಡಕ್ಟುಗಳಲ್ಲಿ ಅಷ್ಟು ಗಾಳಿ ಹರಿಯಲು ಜಾಗವೂ ಇರಬೇಕು. ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಬೇಕು.

ಸರಿಯಾದ ಅಳತೆ ತಿಳಿಯಲು 'ಮ್ಯಾನ್ಯುಯಲ್ ಜೆ' ಎಂಬ ಲೆಕ್ಕವಿದೆ. ಗೋಡೆ, ಕಿಟಕಿಗಳ ದಿಕ್ಕು, ಅಟ್ಟದ ಇನ್ಸುಲೇಶನ್, ಊರಿನ ಹವೆ ಎಲ್ಲ ಅದರಲ್ಲಿ ಬರುತ್ತದೆ. ಅಟ್ಟಕ್ಕೆ ನಾವು ಹಿಂದೆಯೇ ಇನ್ಸುಲೇಶನ್ ಹೆಚ್ಚಿಸಿದ್ದೆವು. ಲೆಕ್ಕ ಹಾಕಿದಾಗ 3.5 ಟನ್ ಸಾಕಾಯಿತು. ಟೇಪು ಹಿಡಿಯದೆ, ಕಿಟಕಿ ನೋಡದೆ ಟನ್ ಹೇಳುವವರಿಗೆ ನಮಸ್ಕಾರ ಹೇಳಿ ಕಳಿಸಿ.

ಪಾಠ 5: ಸೀರ್ ಎಷ್ಟಿರಬೇಕು?

ಸೀರ್ ಎಂದರೆ ಏಸಿಯ ಮೈಲೇಜು. ಒಂದು ವ್ಯಾಟ್-ಅವರ್ ವಿದ್ಯುತ್ತಿಗೆ ಎಷ್ಟು ಬಿಟಿಯು ಶಾಖ ಹೊರಹಾಕುತ್ತದೆ ಎಂಬ ಅಳತೆ. 2004ರಲ್ಲಿ ಕನಿಷ್ಠ 10 ಇತ್ತು, 2006ರಲ್ಲಿ 13 ಆಯಿತು. 2023ರಿಂದ ಸೀರ್-2 ಎಂಬ ಹೊಸ ಪರೀಕ್ಷಾ ಕ್ರಮ ಬಂದಿದೆ. ದಕ್ಷಿಣದ ರಾಜ್ಯಗಳಲ್ಲಿ ನಮ್ಮಂಥ ಮನೆಗಳ ಏಸಿಗೆ ಕನಿಷ್ಠ 14.3 ಸೀರ್-2, ಅದು ಹಳೆಯ ಲೆಕ್ಕದ 15ಕ್ಕೆ ಸರಿಸಮ.

ಮಕ್ಕಳನ್ನು ಕೂರಿಸಿಕೊಂಡು ಈ ಲೆಕ್ಕ ಮಾಡಿ, ಅವರಿಗೂ ಗಣಿತದ ಅಭ್ಯಾಸವಾಗುತ್ತದೆ. 3.5 ಟನ್ ಎಂದರೆ ಗಂಟೆಗೆ 42,000 ಬಿಟಿಯು. ವರ್ಷಕ್ಕೆ 1,500 ಗಂಟೆ ಓಡುತ್ತದೆ, ಕರೆಂಟು ಯೂನಿಟ್ಟಿಗೆ 15 ಸೆಂಟ್ ಎಂದಿಟ್ಟುಕೊಳ್ಳಿ.

ಸೀರ್ 10 ಆದರೆ: 6,300 ಯೂನಿಟ್, 945 ಡಾಲರ್.
ಸೀರ್ 15 ಆದರೆ: 4,200 ಯೂನಿಟ್, 630 ಡಾಲರ್.
ಸೀರ್ 18 ಆದರೆ: 3,500 ಯೂನಿಟ್, 525 ಡಾಲರ್.

ಹತ್ತರಿಂದ ಹದಿನೈದಕ್ಕೆ ಹೋದರೆ ವರ್ಷಕ್ಕೆ 315 ಡಾಲರ್ ಉಳಿತಾಯ. ಹದಿನೈದರಿಂದ ಹದಿನೆಂಟಕ್ಕೆ ಹೋದರೆ 105 ಮಾತ್ರ. ಆ 105ಕ್ಕಾಗಿ 3,000 ಡಾಲರ್ ಹೆಚ್ಚು ಕೊಟ್ಟರೆ ಅದು ವಾಪಸು ಬರಲು 28 ವರ್ಷಕ್ಕೂ ಹೆಚ್ಚು ಬೇಕು! ಅಷ್ಟು ವರ್ಷ ಯಂತ್ರ ಬಾಳುವುದು ಅನುಮಾನ. ಎರಡು ವೇಗದ ಯಂತ್ರದಲ್ಲಿ ಸದ್ದು ಕಡಿಮೆ, ತೇವದ ಹತೋಟಿ ಚೆನ್ನಾಗಿರುತ್ತದೆ ನಿಜ. ಆ ಸುಖಕ್ಕಾಗಿ ಕೊಳ್ಳುವುದಾದರೆ ಕೊಳ್ಳಿ. ಉಳಿತಾಯವಾಗುತ್ತದೆಂದು ಕೊಳ್ಳುವ ಮುನ್ನ ನಿಮ್ಮ ಬಿಲ್ಲು ಹಿಡಿದು ಲೆಕ್ಕ ಹಾಕಿ.

ಪಾಠ 6: ಮೂರು ಕೊಟೇಶನ್, ಒಂದೇ ತಕ್ಕಡಿ

ಚಳಿಗಾಲದಲ್ಲಿ ಬೇರೆಬೇರೆಯವರನ್ನು ಕರೆಸಿದೆವು. ಒಬ್ಬರು 8,900 ಎಂದರು, ಇನ್ನೊಬ್ಬರು 11,400. ಮೊದಲನೆಯದೇ ಅಗ್ಗ ಎಂದು ನನ್ನ ಹೆಂಡತಿಗೆ ಹೇಳಿದೆ. ಅವಳು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, "ಇದರಲ್ಲಿ ಫರ್ನೇಸ್ ಎಲ್ಲಿದೆ ರೀ?" ಎಂದಳು. ಇರಲಿಲ್ಲ! ಫರ್ನೇಸಿಗೆ 2,100, ಪರ್ಮಿಟ್ಟು ಮತ್ತು ಅಟ್ಟದಲ್ಲಿ ನೀರು ಹಿಡಿಯುವ ತಟ್ಟೆಗೆ 500 ಸೇರಿಸಿದರೆ 11,500 ಆಯಿತು. ಅಗ್ಗ ಎನ್ನಿಸಿದ್ದೇ ನೂರು ಡಾಲರ್ ದುಬಾರಿ.

ಹೊರಗಿನ ಯಂತ್ರ ಖರ್ಚಿನ ಒಂದು ಭಾಗ ಮಾತ್ರ. ಒಳಗಿನ ಕಾಯಿಲ್, ಫರ್ನೇಸ್, ತಾಮ್ರದ ಕೊಳವೆ, ಡಕ್ಟಿನ ಸೋರಿಕೆ ಮುಚ್ಚುವುದು, ಥರ್ಮೋಸ್ಟ್ಯಾಟ್, ಪರ್ಮಿಟ್ಟು, ಕೂಲಿ, ಹಳೆಯದನ್ನು ಸಾಗಿಸುವುದು ಎಲ್ಲ ಸೇರಿಯೇ ಬೆಲೆ. "ಬಡ್ಡಿಯಿಲ್ಲದ ಸಾಲ" ಎಂದಾಗ ನಗದು ಕೊಟ್ಟರೆ ಎಷ್ಟು ಎಂದು ಕೇಳಿ. ಬಡ್ಡಿ ಬೆಲೆಯೊಳಗೇ ಅಡಗಿರುವುದುಂಟು. ಏಸಿ ಮತ್ತು ಹೀಟ್ ಪಂಪಿಗೆ ಇದ್ದ ಕೇಂದ್ರದ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ಅದನ್ನು ತೋರಿಸಿ ಯಾರಾದರೂ ಆಸೆ ಹುಟ್ಟಿಸಿದರೆ ಮರುಳಾಗಬೇಡಿ. ನಿಮ್ಮ ವಿದ್ಯುತ್ ಕಂಪನಿಯ ರಿಯಾಯಿತಿ ಇದೆಯೇ ಎಂದು ಮಾತ್ರ ವಿಚಾರಿಸಿ.

ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ

1. ಟೆಕ್ಸಾಸ್‌ನಲ್ಲಾದರೆ ಟಿಎಸಿಎಲ್ ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇದೆಯೇ? ಬೇರೆ ರಾಜ್ಯದವರು ನಿಮ್ಮಲ್ಲಿನ ನಿಯಮ ನೋಡಿ.
2. ಮ್ಯಾನ್ಯುಯಲ್ ಜೆ ಲೆಕ್ಕದ ಪ್ರತಿ ಕೊಡುತ್ತಾರೆಯೇ?
3. ಹೊರಗಿನ ಯಂತ್ರ, ಕಾಯಿಲ್, ಫರ್ನೇಸ್ ಇವುಗಳ ಮಾಡೆಲ್ ಸಂಖ್ಯೆ ಬರೆದಿದ್ದಾರೆಯೇ? ಅವು ಒಂದಕ್ಕೊಂದು ಹೊಂದುತ್ತವೆ ಎಂಬ ಎಎಚ್‌ಆರ್‌ಐ ಪ್ರಮಾಣಪತ್ರ ಇದೆಯೇ?
4. ಯಾವ ಗ್ಯಾಸು?
5. ಪರ್ಮಿಟ್ಟು ಯಾರು ತೆಗೆಸುತ್ತಾರೆ?
6. ಭಾಗಗಳಿಗೆ ಎಷ್ಟು ವರ್ಷ, ಕೂಲಿಗೆ ಎಷ್ಟು ವರ್ಷ ವಾರಂಟಿ? ನೋಂದಣಿ ಯಾರ ಕೆಲಸ?

ನಿಮ್ಮ ಮನೆಯ ಯಂತ್ರಕ್ಕೆ ಹನ್ನೆರಡು ವರ್ಷ ದಾಟಿದ್ದರೆ ಈ ವಾರಾಂತ್ಯವೇ ಅದರ ಮೇಲಿನ ಚೀಟಿ ಓದಿ, ತಯಾರಾದ ವರ್ಷ ಮತ್ತು ಗ್ಯಾಸಿನ ಹೆಸರು ಬರೆದಿಟ್ಟುಕೊಳ್ಳಿ. ಊರಿನಿಂದ ಹಿರಿಯರು ಬರುವವರಿದ್ದರೆ ಅದಕ್ಕೆ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ. ಏಸಿ ಕೆಟ್ಟೇ ಬಿಟ್ಟರೆ ಸಹಿ ಹಾಕುವ ಮೊದಲು ಸಂಘದ ಯಾರಿಗಾದರೂ ಒಂದು ಫೋನ್ ಮಾಡಿ. ನಮ್ಮ ಮನೆಯಲ್ಲೂ ಒಂದು ಕೋಣೆ ಖಾಲಿ ಇದೆ, ಊಟಕ್ಕೂ ತೊಂದರೆಯಿಲ್ಲ. ಆ ರಾತ್ರಿ ತಿಂದ ಬಿಸಿಬೇಳೆಭಾತಿನ ಋಣ ನನ್ನ ಮೇಲೆ ಇನ್ನೂ ಇದೆ.

ನಿಮ್ಮ ಅನುಭವಗಳನ್ನೂ ಬರೆದು ಕಳಿಸಿ, ಎಲ್ಲರಿಗೂ ಉಪಯೋಗವಾಗಲಿ.


ನಿಮ್ಮವನೇ ಆದ ಸಂಘದ ಒಬ್ಬ ಸದಸ್ಯ