ಸಿಗದ ಅಂಗಡಿ, ರದ್ದಾದ ಕಂಪನಿ

ಪ್ರಶ್ನೆ: ಅಕ್ಕಾ, ನಮ್ಮದು ಜೇವರ್ಗಿ ತಾಲ್ಲೂಕಿನ ಹಳ್ಳಿ. ಅವ್ವ ತೀರಿಕೊಂಡ ಮೇಲೆ ಅವರ ತವರಿನಿಂದ ಬಂದಿದ್ದ ಹೊಲ ಮಾರಿದೆವು. 18 ಲಕ್ಷ ರೂಪಾಯಿ ಬ್ಯಾಂಕಿನಲ್ಲಿದೆ, ಅದರಲ್ಲಿ ನನ್ನ ಪಾಲೂ ಇದೆ. ಅಫಜಲಪುರ ಕಡೆಯ ಒಬ್ಬರು ಆಳಂದದಲ್ಲಿ ದಾಲ್ ಮಿಲ್ ನಡೆಸುತ್ತಾರೆ. ಆ ರೊಕ್ಕ ಹಾಕಿ ಪಾಲುದಾರರಾಗಿ ಎಂದು ಅಪ್ಪನಿಗೆ ಹೇಳಿದ್ದಾರೆ. ದೂರದ ಬೀಗರೂ ಹೌದು. ನಾನು ಫೋನಿನಲ್ಲಿ ಹುಡುಕಿದೆ. ಅವರ ಹೆಸರಿನ ಒಂದು ಕಂಪನಿ ‘ಸ್ಟ್ರೈಕ್ ಆಫ್’ ಆಗಿದೆ. ಮೂವತ್ತು ವರ್ಷದ ವ್ಯಾಪಾರ ಅನ್ನುತ್ತಾರೆ, ಜಿಎಸ್‌ಟಿಯಲ್ಲಿ 2017ರ ಜುಲೈ 1 ಅಂತಿದೆ. ಮೊದಲು ಸೊಲ್ಲಾಪುರದಲ್ಲಿ ಅಡತಿ ಅಂಗಡಿ ಇತ್ತಂತೆ, ಅದರ ಸುಳಿವೇ ಇಲ್ಲ. ಕೋರ್ಟಿನಲ್ಲಿ ಅದೇ ಹೆಸರಿನವರ ಮೇಲೆ ಒಂದು ಸಿ.ಸಿ. ಕೇಸು ಇತ್ತು, ‘ವಿಲೇವಾರಿ’ ಎಂದಷ್ಟೇ ಬರುತ್ತದೆ. ಕಾಕಾ ಅವರು ಇದನ್ನೆಲ್ಲ ನೋಡಿ ‘ಮೋಸಗಾರ’ ಎಂದು ಮನೆಯ ವಾಟ್ಸ್ಆಪ್ ಗುಂಪಿನಲ್ಲಿ ಹಾಕಿದ್ದಾರೆ. ಅಪ್ಪ ಸಿಟ್ಟಾಗಿದ್ದಾರೆ. ಯಾರನ್ನು ನಂಬಲಿ?
ಹೆಸರು ಬೇಡ, ಜೇವರ್ಗಿ ತಾಲ್ಲೂಕು

ತಂಗೀ, ಮೊದಲು ಕಾಕಾ ಅವರಿಗೆ ಹೇಳಿ ಆ ಸಂದೇಶ ತೆಗೆಸಿರಿ. ತೊಗರಿ ವ್ಯಾಪಾರ ಉದ್ರಿಯ ಮೇಲೆ ನಿಂತದ್ದು. ರೈತ ಅಡತಿಯವನನ್ನು ನಂಬುತ್ತಾನೆ, ಅಡತಿಯವನು ಮಿಲ್ಲಿನವನನ್ನು, ಮಿಲ್ಲಿನವನು ಹೊರಊರಿನ ಖರೀದಿದಾರನನ್ನು. ಮೋಸಗಾರ ಎಂಬ ಮಾತು ಆಳಂದದ ಎಪಿಎಂಸಿಯಿಂದ ಕಲಬುರಗಿಯ ನೆಹರೂ ಗಂಜ್‌ವರೆಗೆ ಹರಡಲು ಒಂದು ದಿನ ಸಾಕು. ಅದು ಸುಳ್ಳಾದರೆ ಆ ಮನುಷ್ಯನ ಪತ್ತು ಮರಳಿ ಬರಲು ವರ್ಷಗಳು ಬೇಕು. ನಿಮಗೆ ಸಿಕ್ಕಿರುವ ನಾಲ್ಕು ಸಂಗತಿಗಳಲ್ಲಿ ಯಾವುದೂ ಅಂಥ ಮಾತಿಗೆ ಆಧಾರವಲ್ಲ. ಹಾಗೆಂದು ಅಪ್ಪ ಹೇಳುವಂತೆ ಕಣ್ಣು ಮುಚ್ಚಿ ರೊಕ್ಕ ಕೊಡುವುದಕ್ಕೂ ಅವು ಆಧಾರವಲ್ಲ.

ಒಂದೊಂದು ಸರ್ಕಾರಿ ದಾಖಲೆಯೂ ಒಂದೊಂದು ಕೆಲಸಕ್ಕಾಗಿ ಹುಟ್ಟಿದ್ದು. ತೆರಿಗೆ ಇಲಾಖೆಗೆ ಬೇಕಾದದ್ದು ಅವರ ಪುಸ್ತಕದಲ್ಲಿದೆ, ಕೋರ್ಟಿಗೆ ಬೇಕಾದದ್ದು ಕೋರ್ಟಿನಲ್ಲಿದೆ. ‘ಈ ಮನುಷ್ಯ ಎಂಥವನು’ ಎಂದು ಬರೆದಿಡುವ ಪುಸ್ತಕ ಯಾವ ಕಚೇರಿಯಲ್ಲೂ ಇಲ್ಲ. ದಾಖಲೆಯಲ್ಲಿ ಖಾಲಿ ಜಾಗ ಕಂಡರೆ, ಅಲ್ಲಿ ಬರೆಯಲೇಬೇಕೆಂಬ ಕಾನೂನು ಇತ್ತೇ ಎಂದು ಮೊದಲು ಕೇಳಿಕೊಳ್ಳಬೇಕು.

ಜಿಎಸ್‌ಟಿಯ ತಾರೀಖಿನಿಂದಲೇ ನೋಡಿ. 2017ರ ಜುಲೈ 1 ದೇಶಕ್ಕೇ ಜಿಎಸ್‌ಟಿ ಬಂದ ದಿನ. ಹಿಂದೆ ವ್ಯಾಟ್‌ನಲ್ಲಿದ್ದ ವ್ಯಾಪಾರಿಗಳೆಲ್ಲ ಅಂದೇ ಹೊಸ ಪದ್ಧತಿಗೆ ಬಂದರು, ಅದಕ್ಕೇ ಲಕ್ಷಾಂತರ ಅಂಗಡಿಗಳಿಗೆ ಅದೇ ತಾರೀಖು ಇದೆ. ನೀವು ಅದನ್ನು ಸುಳ್ಳಿನ ಗುರುತೆಂದು ತಿಳಿದಿರಿ, ಆದರೆ ಅದು ಅವರ ಮಾತಿಗೆ ಪೂರಕವಾಗಿಯೇ ಇದೆ. ಅಂದೇ ಹೊಸದಾಗಿ ಶುರು ಮಾಡಿದವರಿಗಿಂತ ಮೊದಲಿನಿಂದ ಇದ್ದವರಿಗೇ ಆ ತಾರೀಖು ಹೆಚ್ಚಾಗಿ ಬಿದ್ದಿದೆ. ಕರ್ನಾಟಕದಲ್ಲಿ ವ್ಯಾಟ್ 2005ರ ಏಪ್ರಿಲ್‌ನಿಂದ ಇತ್ತು. ಆ ಕಾಲದ 29ರಿಂದ ಶುರುವಾಗುವ ಟಿನ್ ನಂಬರಿನ ಪ್ರಮಾಣಪತ್ರವಿದ್ದರೆ ತೋರಿಸಿ ಎಂದು ಕೇಳಿ. ಹಳೆಯ ವ್ಯಾಪಾರಿಗಳು ಅದನ್ನು ಜೋಪಾನ ಮಾಡಿಟ್ಟಿರುತ್ತಾರೆ.

ಸೊಲ್ಲಾಪುರದ ಅಂಗಡಿಯ ಸುಳಿವು ಸಿಗದಿರುವುದು ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ಪತ್ರ ಓದಿದರೆ ತಿಳಿಯುತ್ತದೆ. ಒಬ್ಬನೇ ಮಾಲೀಕನ ಅಂಗಡಿಗೆ, ಕಂಪನಿಗೆ ಇರುವಂತೆ ದೇಶವ್ಯಾಪಿ ನೋಂದಣಿ ಪುಸ್ತಕ ಇಲ್ಲವೇ ಇಲ್ಲ. ಪಾಲುದಾರಿಕೆ ಸಂಸ್ಥೆಗಳಿಗೂ 1932ರ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ಜಿಎಸ್‌ಟಿ ಇರಬೇಕಿತ್ತಲ್ಲ ಅಂದರೆ, ರೈತರ ಉತ್ಪನ್ನದ ಅಡತಿ ಸೇವೆಗೆ ವಿನಾಯಿತಿ ಇದೆ, ಬ್ರ್ಯಾಂಡಿಲ್ಲದೆ ಬಿಡಿಯಾಗಿ ಮಾರುವ ಕಾಳಿಗೂ ಇದೆ. ವಿನಾಯಿತಿಯ ವ್ಯವಹಾರ ಮಾತ್ರ ಮಾಡುವವನು ನೋಂದಣಿಯನ್ನೇ ಮಾಡಿಸಬೇಕಿಲ್ಲ. ಹಾಗಾಗಿ ಪ್ರಾಮಾಣಿಕವಾಗಿ ನಡೆದ ದೊಡ್ಡ ಅಡತಿ ಅಂಗಡಿಯೂ ನಿಮ್ಮ ಫೋನಿಗೆ ಕಾಣದೇ ಇರಬಹುದು. ಅದರ ಗುರುತು ಇರುವುದು ಸೊಲ್ಲಾಪುರದ ಮಾರುಕಟ್ಟೆ ಸಮಿತಿಯ ಲೈಸೆನ್ಸಿನಲ್ಲಿ, ಹಳೆಯ ಪಟ್ಟಿಗಳಲ್ಲಿ, ಬ್ಯಾಂಕಿನ ಚಾಲ್ತಿ ಖಾತೆಯಲ್ಲಿ, ಅಲ್ಲಿಗೆ ಮಾಲು ಹಾಕಿದ ಅಫಜಲಪುರದ ರೈತರ ನೆನಪಿನಲ್ಲಿ. ಗಡಿಯ ತಾಲ್ಲೂಕುಗಳ ಬದುಕೇ ಹೀಗೆ: ಹೊಲ ಕರ್ನಾಟಕದಲ್ಲಿ, ಪೇಟೆ ಮಹಾರಾಷ್ಟ್ರದಲ್ಲಿ. ಒಂದೇ ರಾಜ್ಯದ ದಾಖಲೆ ನೋಡಿದವರಿಗೆ ಅರ್ಧ ಮನುಷ್ಯ ಮಾತ್ರ ಕಾಣುತ್ತಾನೆ.

ಇದನ್ನು ದಾಟಲು ಒಂದು ಸುಲಭ ದಾರಿ ಇದೆ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರಗಳು. ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಅಕ್ಷರ ಪ್ಯಾನ್. ಜಿಎಸ್‌ಟಿ ಪೋರ್ಟಲಿನಲ್ಲಿ ಪ್ಯಾನ್ ಹಾಕಿ ಹುಡುಕಿದರೆ ಆ ಪ್ಯಾನ್ ಮೇಲೆ ಯಾವ ಯಾವ ರಾಜ್ಯದಲ್ಲಿ ನೋಂದಣಿ ಇದೆ, ಯಾವುದು ರದ್ದಾಗಿದೆ ಎಂಬುದೆಲ್ಲ ಬರುತ್ತದೆ. ರದ್ದಾಗಿದ್ದರೆ ಅವರೇ ಅರ್ಜಿ ಹಾಕಿ ರದ್ದು ಮಾಡಿಸಿದ್ದೋ, ಅಧಿಕಾರಿ ತಾವಾಗಿ ರದ್ದು ಮಾಡಿದ್ದೋ ಎಂಬುದನ್ನೂ ನೋಡಿ. ರಿಟರ್ನ್ ಯಾವ ತಿಂಗಳವರೆಗೆ ತುಂಬಿದ್ದಾರೆ ಎಂಬುದೂ ಅಲ್ಲೇ ಇದೆ. ಪ್ಯಾನ್‌ನ ನಾಲ್ಕನೆಯ ಅಕ್ಷರವನ್ನು ಮಾತ್ರ ಮರೆಯದೆ ನೋಡಿ. ‘ಪಿ’ ಇದ್ದರೆ ಮಿಲ್ಲು ಅವರೊಬ್ಬರದೇ. ‘ಎಫ್’ ಇದ್ದರೆ ಅಲ್ಲಿ ಈಗಾಗಲೇ ಬೇರೆ ಪಾಲುದಾರರಿದ್ದಾರೆ ಎಂದರ್ಥ. ಅವರು ಯಾರು, ನಿಮ್ಮಪ್ಪನನ್ನು ಸೇರಿಸಿಕೊಳ್ಳಲು ಒಪ್ಪಿದ್ದಾರೆಯೇ? ನನ್ನನ್ನು ಕೇಳಿದರೆ ನಿಮಗೆ ಸಿಕ್ಕ ನಾಲ್ಕು ಸಂಗತಿಗಳಿಗಿಂತ ಈ ಪ್ರಶ್ನೆ ದೊಡ್ಡದು.

ಇನ್ನು ಸ್ಟ್ರೈಕ್ ಆಫ್ ಆದ ಕಂಪನಿ. 2017ರಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ವರ್ಷಗಟ್ಟಲೆ ಲೆಕ್ಕಪತ್ರ ಸಲ್ಲಿಸದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಒಮ್ಮೆಗೇ ಹೊಡೆದುಹಾಕಿತು. ಸತತ ಮೂರು ವರ್ಷ ಲೆಕ್ಕ ಕೊಡದ ಕಂಪನಿಗಳ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಐದು ವರ್ಷಕ್ಕೆ ಅನರ್ಹರಾದರು. ಅವರಲ್ಲಿ ಕಪ್ಪುಹಣ ತಿರುಗಿಸಿದವರೂ ಇದ್ದರು, ಉತ್ಸಾಹದಿಂದ ಕಂಪನಿ ತೆರೆದು ವ್ಯಾಪಾರ ನಡೆಯದೆ, ಆಡಿಟರಿಗೆ ಕೊಡಲು ರೊಕ್ಕವಿಲ್ಲದೆ ಕೈಬಿಟ್ಟ ಸಣ್ಣ ಊರಿನವರೂ ಇದ್ದರು. ಕಂಪನಿ ತಾನೇ ಅರ್ಜಿ ಕೊಟ್ಟು ಹೆಸರು ತೆಗೆಸಿಕೊಳ್ಳಲೂ ಅವಕಾಶವಿದೆ. ಪರದೆಯ ಮೇಲೆ ಎಲ್ಲಕ್ಕೂ ಅದೇ ಎರಡು ಪದ.

ಆದ್ದರಿಂದ ಆ ಪದವನ್ನು ಬಿಟ್ಟು ಅದೇ ಸಚಿವಾಲಯದ ಪೋರ್ಟಲಿನಲ್ಲಿರುವ ಚಾರ್ಜ್ ಪಟ್ಟಿ ನೋಡಿ. ಕಂಪನಿಯ ಆಸ್ತಿ ಅಡವಿಟ್ಟು ಎಲ್ಲಿ, ಎಷ್ಟು ಸಾಲ ಎತ್ತಿದ್ದಾರೆ ಎಂಬುದು ಅಲ್ಲಿರುತ್ತದೆ. ಸಾಲ ತೀರಿಲ್ಲ ಎಂದು ಕಂಡರೂ ಕೂಡಲೇ ತೀರ್ಮಾನಿಸಬೇಡಿ. ತೀರಿಸಿದ ಮೇಲೆ ಅದನ್ನು ನಮೂನೆ ತುಂಬಿ ತಿಳಿಸಬೇಕು, ತಿಳಿಸಲು ಮರೆತವರ ಸಾಲ ಪುಸ್ತಕದಲ್ಲಿ ಹಾಗೇ ಉಳಿದಿರುತ್ತದೆ. ಬ್ಯಾಂಕಿನ ‘ಬಾಕಿ ಇಲ್ಲ’ ಪತ್ರ ತೋರಿಸಿದರೆ ಮುಗಿಯಿತು. ಪತ್ರ ಇಲ್ಲದಿದ್ದರೆ ಎಚ್ಚರವಾಗಿರಿ, ಏಕೆಂದರೆ ಕಂಪನಿಯ ಹೆಸರು ಹೊಡೆದುಹಾಕಿದರೂ ನಿರ್ದೇಶಕರ ಹೊಣೆ ಹೋಗುವುದಿಲ್ಲ. ಆ ಸಾಲ ಕೊಟ್ಟವರು ನಾಳೆ ಮಿಲ್ಲಿನಲ್ಲಿ ಅವರಿಗಿರುವ ಪಾಲನ್ನೂ ಹುಡುಕಿಕೊಂಡು ಬರಬಹುದು.

ಅದು ಅವರದೇ ಕಂಪನಿಯೇ ಎಂಬುದೂ ಖಚಿತವಾಗಬೇಕು. ನಮ್ಮ ಭಾಗದಲ್ಲಿ ಶರಣಬಸಪ್ಪ ಪಾಟೀಲರು ಎಷ್ಟು ಜನ ಬೇಕು? ಗಾಣಗಾಪುರದ ಸುತ್ತ ದತ್ತಾತ್ರೇಯ, ದತ್ತಪ್ಪ ಎಂಬ ಹೆಸರುಗಳು ಮನೆಮನೆಯಲ್ಲಿವೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತ ಒಂದು ಅಕ್ಷರ ಸೇರಿಸುತ್ತಾನೆ, ಇನ್ನೊಬ್ಬ ಬಿಡುತ್ತಾನೆ. ನಿಮ್ಮ ಜೇವರ್ಗಿಯನ್ನೇ ‘ವಿ’ ಹಾಕಿ ಬರೆಯುವವರೂ ಇದ್ದಾರೆ, ‘ಡಬ್ಲ್ಯೂ’ ಹಾಕುವವರೂ ಇದ್ದಾರೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಹಳೆಯ ವಿಳಾಸಗಳು ಹಳೆಯ ಹೆಸರಿನಲ್ಲೇ ಕೂತಿವೆ. ಹೆಸರು ಹೊಂದಿತು ಎಂದು ಮನುಷ್ಯನನ್ನು ಹೊಂದಿಸಬೇಡಿ. ನಿರ್ದೇಶಕರಿಗೆ ಡಿನ್ ಎಂಬ ಎಂಟು ಅಂಕಿಯ ನಂಬರು ಇರುತ್ತದೆ, ಅದು ಹೊಂದಬೇಕು. ಕೋರ್ಟಿನ ಕೇಸಾದರೆ ತಂದೆಯ ಹೆಸರು, ಊರು, ವಯಸ್ಸು ಹೊಂದಬೇಕು.

ಸಿ.ಸಿ. ಎಂದರೆ ಕ್ರಿಮಿನಲ್ ಕೇಸು ಎಂಬುದು ನಿಜ. ಆದರೆ ಚೆಕ್ ಬೌನ್ಸ್ ಕೇಸೂ ಸಿ.ಸಿ. ನಂಬರಿನಲ್ಲೇ ನಡೆಯುತ್ತದೆ. ದರ ಬಿದ್ದ ವರ್ಷ ಚೆಕ್ ವಾಪಸಾಗುವುದು ಈ ವ್ಯಾಪಾರದಲ್ಲಿ ಹೊಸತಲ್ಲ, ಅಂಥ ಎಷ್ಟೋ ಕೇಸುಗಳು ಲೋಕ ಅದಾಲತ್‌ನಲ್ಲಿ ರಾಜಿಯಾಗುತ್ತವೆ. ‘ವಿಲೇವಾರಿ’ ಎಂಬುದು ಫೈಲು ಮುಗಿಯಿತು ಎಂದಷ್ಟೇ ಹೇಳುತ್ತದೆ. ಶಿಕ್ಷೆಯಾದರೂ ಅದೇ ಪದ, ಖುಲಾಸೆಯಾದರೂ ಅದೇ, ರಾಜಿಯಾದರೂ ಅದೇ. ಕೇಸ್ ನಂಬರ್ ಬರೆದುಕೊಂಡು ಯಾವ ಕಲಮಿನ ಕೇಸು ಎಂದು ನೋಡಿ, ಆದೇಶದ ಪ್ರತಿ ತೆಗೆಸಿ ಓದಿ. ವಕೀಲರಿಗೆ ಇದು ಸಣ್ಣ ಕೆಲಸ.

ಇಷ್ಟು ಹೇಳಿದ್ದರಿಂದ ಅವರ ಪರವಾಗಿ ವಾದಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ದಾಖಲೆ ಪೂರ್ತಿ ಇದ್ದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ. 2019ರ ಜೂನ್‌ನಲ್ಲಿ ಕುಸಿದ ಬೆಂಗಳೂರಿನ ಐಎಂಎ ಸಂಸ್ಥೆಗೆ ನೋಂದಣಿ ಇತ್ತು, ಹೂಡಿಕೆದಾರರನ್ನು ಎಲ್‌ಎಲ್‌ಪಿಯ ಪಾಲುದಾರರು ಎಂದೇ ಕಾಗದದಲ್ಲಿ ಬರೆಯಲಾಗಿತ್ತು. ಹತ್ತಾರು ಸಾವಿರ ಕುಟುಂಬಗಳ ರೊಕ್ಕ ಹೋಯಿತು, ಮಗಳ ಮದುವೆಗೆಂದು ಇಟ್ಟದ್ದೂ ಹೋಯಿತು. ಅದಕ್ಕೇ ನಿಮ್ಮಪ್ಪನಿಗೆ ನಾನು ಹೇಳುವ ಮಾತು ಬೇರೆ. ಪಾಲುದಾರನಾದರೆ ಅಂದಿನಿಂದ ಸಂಸ್ಥೆಯ ಸಾಲಕ್ಕೆ ತನ್ನ ಮನೆ ಹೊಲಗಳೂ ಹೊಣೆ, ಹಾಕಿದ 18 ಲಕ್ಷಕ್ಕೆ ಅದು ನಿಲ್ಲುವುದಿಲ್ಲ. ಸೇರುವ ಮೊದಲಿನ ಸಾಲಕ್ಕೆ ಹೊಸ ಪಾಲುದಾರ ಸಾಮಾನ್ಯವಾಗಿ ಹೊಣೆಯಲ್ಲ, ಆದರೆ ಅದನ್ನು ಸಾಧಿಸಲು ಸೇರಿದ ದಿನದ ಲೆಕ್ಕ ಕಾಗದದ ಮೇಲೆ ಇರಬೇಕು. ಕರಾರನ್ನು ಛಾಪಾ ಕಾಗದದಲ್ಲಿ ಮಾಡಿ, ಸಂಸ್ಥೆಯನ್ನು ನೋಂದಣಿ ಮಾಡಿಸಬೇಕು. ನೋಂದಣಿ ಇಲ್ಲದ ಸಂಸ್ಥೆ ಬಾಕಿ ವಸೂಲಿಗೆ ದಾವೆ ಹೂಡಲು ಹೋದರೆ ಕಾನೂನೇ ಅಡ್ಡ ಬರುತ್ತದೆ.

ಮಿಲ್ಲಿನ ಜಾಗವನ್ನೂ ನೋಡಿ. ಎನ್‌ಎ (ಕೃಷಿಯೇತರ) ಆಗಿದೆಯೇ, ಜೆಸ್ಕಾಂ ಬಿಲ್ಲು ಯಾರ ಹೆಸರಿಗಿದೆ, ಬಾಕಿ ಇದೆಯೇ? ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಕಂಪ್ಯೂಟರಿನಲ್ಲಿ ಬರುವುದು 2004ರ ಏಪ್ರಿಲ್‌ನಿಂದ ಈಚೆಗಿನದು, ಅದಕ್ಕೂ ಹಿಂದಿನದನ್ನು ಕಚೇರಿಯಲ್ಲಿ ಕೇಳಿ ಹುಡುಕಿಸಬೇಕು. ನೋಂದಣಿಯಾಗದ ಕರಾರು, ಬಾಯಿಮಾತಿನ ಹಿಸ್ಸೆ ಯಾವುದೂ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಅವರ ಅಣ್ಣತಮ್ಮಂದಿರ ಹಕ್ಕು ಆ ಜಾಗದ ಮೇಲೆ ಇದೆಯೇ ಎಂಬುದನ್ನು ಊರಿನಲ್ಲೇ ವಿಚಾರಿಸಬೇಕು.

ಇದನ್ನೆಲ್ಲ ಕೇಳಿದರೆ ಬೀಗರಿಗೆ ಬೇಜಾರಾಗುತ್ತದೆ ಎಂದು ಅಪ್ಪ ಹಿಂಜರಿಯಬಹುದು. ಮಿಲ್ಲಿಗೆ ಸಾಲ ಕೊಡುವ ಬ್ಯಾಂಕಿನ ಮ್ಯಾನೇಜರು ಇದಕ್ಕಿಂತ ಹೆಚ್ಚು ಕೇಳುತ್ತಾನೆ, ಯಾವ ವ್ಯಾಪಾರಿಯೂ ಅವನ ಮೇಲೆ ಮುನಿಸಿಕೊಳ್ಳುವುದಿಲ್ಲ. ಆಳಂದಕ್ಕೆ ಅಪ್ಪ, ಕಾಕಾ, ನೀವು ಮೂವರೂ ಒಟ್ಟಿಗೆ ಹೋಗಿ. ‘ರೊಕ್ಕ ನಮ್ಮವ್ವಂದು, ಅದಕ್ಕೇ ಕೇಳಕತ್ತೀನ್ರಿ’ ಎಂದು ನೀವೇ ಮಾತು ಶುರು ಮಾಡಿ. ಸೊಲ್ಲಾಪುರದ ಅಂಗಡಿ ಯಾಕೆ ಮುಚ್ಚಿತು, ಕಂಪನಿ ಯಾಕೆ ನಿಂತಿತು, ಕೇಸು ಏನಾಯಿತು ಎಂದು ಕೇಳಿ ಸುಮ್ಮನೆ ಕೂಡಿ. ನಷ್ಟವಾಗಿದ್ದನ್ನು ನಷ್ಟವಾಯಿತು ಎಂದು ಹೇಳಿ ಕಾಗದ ಹುಡುಕಿಕೊಡುವವರು ಒಂದು ತರಹ. ಕೇಳಿದ್ದಕ್ಕೇ ಸಿಟ್ಟಾಗುವವರು, ‘ಈ ವಾರದಲ್ಲಿ ಕೊಡದಿದ್ದರೆ ಬೇರೆಯವರು ಬರುತ್ತಾರೆ’ ಎನ್ನುವವರು ಇನ್ನೊಂದು ತರಹ. ಎರಡನೆಯ ತರಹದ ಉತ್ತರ ಬಂದರೆ, ದಾಖಲೆ ಎಷ್ಟೇ ಚೊಕ್ಕವಾಗಿದ್ದರೂ ರೊಕ್ಕ ಬ್ಯಾಂಕಿನಲ್ಲೇ ಇರಲಿ.

ಉತ್ತರ ಒಪ್ಪುವಂತಿದ್ದರೂ ಮೂರು ವರ್ಷದ ಆದಾಯ ತೆರಿಗೆ ರಿಟರ್ನು, ಬ್ಯಾಂಕ್ ಖಾತೆಯ ವಿವರ ಇಸಿದುಕೊಂಡು ಕಲಬುರಗಿಯ ಒಬ್ಬ ಲೆಕ್ಕಪರಿಶೋಧಕರಿಗೆ ತೋರಿಸಿ. ಅವರು ಆ ವ್ಯಾಪಾರಿಯ ಆಡಿಟರ್ ಆಗಿರಬಾರದು. ಕರಾರಿನ ಕರಡು ಓದಿಸಲು ವಕೀಲರ ಫೀಜಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜೇವರ್ಗಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ನಿಮ್ಮ ಹೆಸರಿನಲ್ಲೇ ಅರ್ಜಿ ಕೊಡಿ. ನಿಮ್ಮ ಪಾಲಿನ ರೊಕ್ಕಕ್ಕೆ ನಿಮ್ಮ ಸಹಿ ಬೇಕು. ಕರಾರನ್ನು ನೀವು ಓದಿ ಮುಗಿಸುವವರೆಗೆ ಆ ಸಹಿ ಹಾಕಬೇಡಿ.